ಏದುಸಿರು ಬಿಟ್ಟ ಗ್ರಾಫಿಕ್ಸ್ ಕಾರ್ಡು

ಸಿಂಚನಾಳ ಗೇಮಿಂಗ್ ಕಂಪ್ಯೂಟರಿನೊಳಗೆ, ಆಟದ ಚಿತ್ರಗಳನ್ನು ತೆರೆಯ ಮೇಲೆ ಮೂಡಿಸುವ ಹಳೆಯ ಗ್ರಾಫಿಕ್ಸ್ ಕಾರ್ಡು ಏದುಸಿರು ಬಿಡುತ್ತಿತ್ತು. ಆಟ ನಡುನಡುವೆ ತಡವರಿಸುತ್ತಿತ್ತು. ಅದರ ಬದಲಿಗೆಂದು ಅವಳು ಕೊಂಡು ತಂದು ಮೇಜಿನ ಮೇಲಿಟ್ಟಿದ್ದ ಡಬ್ಬಿಯೊಳಗಿನ ಹೊಸ ಕಾರ್ಡು, “ಅಣ್ಣಾ, ನಿನಗೆ ವಯಸ್ಸಾಯಿತು. ಮರ್ಯಾದೆಯಿಂದ ಜಾಗ ಬಿಡು” ಎಂದಿತು. ಹೌದೇನೋ ಎಂದು ಹಳೆಯದು ಅಳುಕಿತು.

ಅಂದು ಆಯುಧಪೂಜೆ. ಕೊಳೆ ಹಿಡಿದ ಯಂತ್ರಕ್ಕೆ ಕುಂಕುಮ ಇಡುವುದು ಹೇಗೆಂದು ಸಿಂಚನಾ ಕಂಪ್ಯೂಟರ್ ಬಿಚ್ಚಿ ಬ್ರಷ್ ಹಿಡಿದಳು. ಕಾರ್ಡಿನ ಫ್ಯಾನಿನಿಂದ ಹತ್ತಿಯಂಥ ಧೂಳು ಉಂಡೆಯುಂಡೆಯಾಗಿ ಉದುರಿತು. ಪೂಜೆ ಮುಗಿಸಿ ಆಟ ಶುರು ಮಾಡಿದರೆ ಎಲ್ಲೂ ತಡವರಿಸಲಿಲ್ಲ.

“ಅಯ್ಯೋ, ಉಸಿರು ಕಟ್ಟಿದ್ದನ್ನೇ ಮುಪ್ಪು ಅಂದುಕೊಂಡೆನಲ್ಲ!” ಎನ್ನುತ್ತ ಅವಳು ಡಬ್ಬಿಯನ್ನು ಅಂಗಡಿಗೆ ಹಿಂದಿರುಗಿಸಲು ಎತ್ತಿಕೊಂಡಳು.

“ಹಾಗಾದರೆ ನನ್ನ ಸರದಿ ಯಾವಾಗ?” ಎಂದು ಹೊಸದು ಕೂಗಿತು.

ಹಳೆಯದು ನಿರಾಳವಾಗಿ ಉಸಿರೆಳೆದುಕೊಂಡು, “ಧೂಳು ಕೊಡವಿದ ಮೇಲೂ ನಾನು ಏದುಸಿರು ಬಿಟ್ಟರೆ, ಅವತ್ತು ನಾನೇ ಕರೆದು ಜಾಗ ಬಿಡುತ್ತೇನೆ, ತಮ್ಮಾ” ಎಂದಿತು.