ಕಪ್ತಾನ ನೆಟ್ಟ ಕಂಬ

ಪೋರ್ಚುಗಲ್ಲಿನ ಕಪ್ತಾನನೊಬ್ಬ ಹಡಗಿನಲ್ಲಿ ಹೊತ್ತು ತಂದ ಕಲ್ಲುಕಂಬವನ್ನು ನಮ್ಮ ಕಡಲತೀರದಲ್ಲಿ ನೆಟ್ಟು ಹೋದ. ಅದು ನಿಂತದ್ದು ಮುದಿ ಏಡಿಯೊಂದರ ಬಿಲದ ಮೇಲೆ.

ಏಡಿ ಮರಳು ಕೊರೆದು ಮೇಲೆ ಬಂದು, “ಸ್ವಾಮಿ, ಇದು ನನ್ನ ಮನೆ” ಎಂದಿತು.

“ಎಲ್ಲಿಯ ಮನೆ? ಈ ತೀರವನ್ನು ನಮ್ಮ ಕಪ್ತಾನರು ಇವತ್ತು ಬೆಳಿಗ್ಗೆಯಷ್ಟೇ ಕಂಡುಹಿಡಿದರು. ನನ್ನ ಮೈಮೇಲೆ ಕೆತ್ತಿದೆ, ಓದಿಕೋ” ಎಂದಿತು ಕಂಬ.

“ಅವರಿಗೆ ದಾರಿ ತೋರಿಸಿದವರು ಯಾರು?”

“ಇಲ್ಲಿಯವನೇ ಒಬ್ಬ ಅಂಬಿಗ. ಅವನ ಹೆಸರು ಕೆತ್ತಲು ಜಾಗ ಸಾಲಲಿಲ್ಲ.”

ಏಡಿ ಕಂಬದ ಬುಡದಲ್ಲೇ ಹೊಸ ಬಿಲ ತೋಡಿತು. ಅಮಾವಾಸ್ಯೆಯ ಉಬ್ಬರಕ್ಕೆ ಕಂಬ ಮಗುಚಿಬಿತ್ತು. ನೀರಿಳಿದ ಮೇಲೆ ಏಡಿ ಅದನ್ನು ಹತ್ತಿ ನಿಂತು ಬಳಗಕ್ಕೆಲ್ಲ ಸಾರಿತು: “ಬನ್ನಿರಪ್ಪಾ, ಇಲ್ಲೊಂದು ಕಲ್ಲು ಕಂಡುಹಿಡಿದಿದ್ದೇನೆ!”

ಕೆಳಗಿನಿಂದ ಕಂಬ ಗೋಗರೆಯಿತು: “ಅಯ್ಯಾ, ನಾನು ಮೊದಲಿನಿಂದಲೂ ಇಲ್ಲೇ ಇದ್ದೆನಲ್ಲ!”