ಒಲ್ಲೆ ಎಂದ ಮೀನು

ಲೋಕ ಇನ್ನೂ ಹಸಿಯಾಗಿದ್ದ ಕಾಲ ಅದು, ಕೂಸೇ. ಬೆಟ್ಟಗಳಿಗೆ ಹೆಸರಿಟ್ಟಿರಲಿಲ್ಲ. ಗಾಳಿ ಯಾವ ಕಡೆ ಬೀಸಬೇಕೆಂದು ತಿಳಿಯದೆ ಸಿಕ್ಕಸಿಕ್ಕವರಿಗೆ ಡಿಕ್ಕಿ ಹೊಡೆಯುತ್ತಿತ್ತು. ಆಗ ನಮ್ಮ ಕಲ್ಲುಗಣಿ ಇರುವ ಜಾಗದಲ್ಲಿ ಕಡಲಿತ್ತು. ನಗಬೇಡ. ಈಗ ಕೊಡ ಹಿಡಿದು ಟ್ಯಾಂಕರ್ ದಾರಿ ಕಾಯುತ್ತೇವಲ್ಲ, ಅದೇ ಜಾಗದಲ್ಲಿ.

ಆ ಕಡಲಿನಲ್ಲಿ ಒಂದು ಮೀನಿತ್ತು. ಮೈ ನನ್ನ ಅಂಗೈಯಷ್ಟು, ಹಟ ಮಾತ್ರ ಆನೆಯಷ್ಟು.

ಒಂದು ದಿನ ಕಡಲಿಗೆ ಇದ್ದಲ್ಲೇ ಇದ್ದು ಬೇಸರ ಬಂತು. "ನಾನು ಪಡುವಣಕ್ಕೆ ಹೊರಟೆ. ಎಲ್ಲರೂ ಗಂಟುಮೂಟೆ ಕಟ್ಟಿಕೊಳ್ಳಿ" ಎಂದಿತು. ಏಡಿ ಹೊರಟಿತು. ಸಿಗಡಿ ಹೊರಟಿತು. ದೊಡ್ಡ ದೊಡ್ಡ ಮೀನುಗಳು ಬಾಲ ಬೀಸುತ್ತ ಹೊರಟವು. ಕಡಲು ಏನೆಂದರೂ ಹೂಂ ಎನ್ನುವವು ಅವು.

ಚಿಕ್ಕ ಮೀನು ಮಾತ್ರ ಅಲ್ಲಾಡಲಿಲ್ಲ.

"ನೀನೇಕೆ ನಿಂತೆ? ಬಾ" ಎಂದಿತು ಕಡಲು.

"ಒಲ್ಲೆ" ಎಂದಿತು ಮೀನು.

"ಒಲ್ಲೆ ಎಂದರೇನು? ನಾನಿಲ್ಲದೆ ಬದುಕುತ್ತೀಯಾ?"

"ಬದುಕುವುದಿಲ್ಲ, ಗೊತ್ತು. ಆದರೆ ನಾವೆಲ್ಲ ಹೊರಟುಹೋದರೆ ಇಲ್ಲಿ ನೀರಿತ್ತು ಎಂದು ಹೇಳುವವರು ಯಾರು? ಇದು ನಾನು ಹುಟ್ಟಿದ ಜಾಗ. ಇಲ್ಲಿ ಏನೂ ಇರಲೇ ಇಲ್ಲ ಎಂದು ಯಾರಾದರೂ ಅನ್ನುವುದು ನನಗೆ ಬೇಡ."

ಕಡಲು ಸಿಟ್ಟಿನಿಂದ ದಡದಡ ಹಿಂದೆ ಸರಿಯಿತು. ನೀರು ಕಡಿಮೆಯಾಯಿತು, ಇನ್ನೂ ಕಡಿಮೆಯಾಯಿತು. ಕೊನೆಗೆ ಒಂದು ಹೊಂಡವಷ್ಟೇ ಉಳಿಯಿತು.

ಸೂರ್ಯ ಇಣುಕಿ ನೋಡಿದ. "ಸಂಜೆಯೊಳಗೆ ಈ ಹೊಂಡವನ್ನೂ ಕುಡಿದುಬಿಡುತ್ತೇನೆ. ಹೋಗು."

"ಒಲ್ಲೆ."

ಗಾಳಿಗೆ ನಗು ತಡೆಯಲಾಗಲಿಲ್ಲ. "ನೀನು ಒಣಗಿ ಪುಡಿಯಾದ ದಿನ ನಾನೇ ಒಯ್ದು ದಿಕ್ಕಿಗೊಂದು ಚೂರು ಚೆಲ್ಲುತ್ತೇನೆ. ನಿನ್ನ ಗುರುತೂ ಉಳಿಯುವುದಿಲ್ಲ. ಹೋಗು!"

"ಒಲ್ಲೆ ಅಂದರೆ ಒಲ್ಲೆ."

ಆಗ ಮಾತಾಡಿದ್ದು ತಳದ ಕೆಸರು. ಎಲ್ಲರೂ ಅದರ ಮೇಲೆಯೇ ಓಡಾಡಿದ್ದರು, ಒಬ್ಬರೂ ಅದನ್ನು ಮಾತಾಡಿಸಿರಲಿಲ್ಲ. "ಮಗಳೇ, ನನ್ನ ಹತ್ತಿರ ಬಾ. ಮುಚ್ಚಿಟ್ಟುಕೊಳ್ಳುತ್ತೇನೆ, ಗಾಳಿಯ ಕೈಗೆ ಕೊಡುವುದಿಲ್ಲ. ಆದರೆ ಒಮ್ಮೆ ಮುಚ್ಚಿದರೆ ಮತ್ತೆ ಯಾವಾಗ ತೆರೆಯುತ್ತೇನೋ ನನಗೇ ತಿಳಿಯದು."

"ಎಷ್ಟು ದಿನವಾದರೂ ಆಗಲಿ" ಎಂದು ಮೀನು ಕೆಸರಿನ ಮಡಿಲಲ್ಲಿ ಪಕ್ಕಕ್ಕೆ ಮಲಗಿತು.

ದೂರದಿಂದ ಕಡಲು ಕೊನೆಯ ಸಲ ಕೂಗಿತು. "ಈಗಲಾದರೂ ಬಾರೇ!" ಅದರ ದನಿಯಲ್ಲಿ ಅಳುವಿತ್ತು. ಮೀನಿಗೂ ದುಃಖ ಒತ್ತರಿಸಿ ಬಂತು. ಆದರೂ ತಲೆ ಎತ್ತಿ, ಬಾಯಿ ದುಂಡಗೆ ಮಾಡಿ, "ಒ..." ಎಂದಿತು.

ಅಷ್ಟರಲ್ಲಿ ಕೆಸರು ಮುಚ್ಚಿಕೊಂಡಿತು. ಮಾತು ಅರ್ಧಕ್ಕೇ ನಿಂತಿತು.

ಆ ಕೆಸರಿನ ಮೇಲೆ ಇನ್ನಷ್ಟು ಕೆಸರು ಕೂತಿತು, ಅದರ ಮೇಲೆ ಮತ್ತಷ್ಟು. ಎಲ್ಲವೂ ಬಿಗಿದು ಕಲ್ಲಾಯಿತು. ಎಷ್ಟು ವರ್ಷ ಹಿಡಿಯಿತು ಎಂದು ಕೇಳಬೇಡ. ಎಣಿಸಲು ಆಗ ಯಾರೂ ಇರಲಿಲ್ಲ.

ಇನ್ನು ನನ್ನ ಕಾಲಕ್ಕೆ ಬರುತ್ತೇನೆ.

ಗಣಿಯಲ್ಲಿ ನನಗೆ ಕಲ್ಲು ಸೀಳುವ ಕೆಲಸ. ನಮ್ಮ ಕಲ್ಲು ಪುಸ್ತಕದ ಹಾಗೆ ಪದರ ಪದರ. ಸಂದಿಗೆ ಉಳಿ ಇಟ್ಟು ಮೆಲ್ಲಗೆ ಬಡಿದರೆ ಹಾಳೆ ಬಿಚ್ಚಿಕೊಳ್ಳುತ್ತದೆ. ಹಾಗೆ ಬಿಚ್ಚಿದ್ದನ್ನು ಮಿಷನ್ನಿಗೆ ಕೊಟ್ಟು ನುಣ್ಣಗೆ ಉಜ್ಜಿಸಿ, ಜನರ ಮನೆಯ ನೆಲಕ್ಕೆ ಕಳಿಸುತ್ತಾರೆ. ಒಂದು ಮುಂಜಾನೆ ನಾನು ಸೀಳಿದ ಕಲ್ಲಿನ ಮೇಲೆ ಕಂದು ಗೀರುಗಳು ಕಂಡವು. ನಡುವೆ ಒಂದು ಗೆರೆ, ಅದರ ಎರಡೂ ಕಡೆ ಸಣ್ಣ ಗೆರೆಗಳು, ಒಂದು ತುದಿಯಲ್ಲಿ ಕವಲು. ಇನ್ನೊಂದು ತುದಿ ಗಟ್ಟಿ ಮಣ್ಣಿನೊಳಗೆ ಹೂತಿತ್ತು.

ಗಣಿಯ ಮೇಸ್ತ್ರಿ ಚನ್ನವೀರಪ್ಪ ಬಗ್ಗಿ ನೋಡಿದ. "ಯಾವದೋ ಎಲಿ ಗುರುತದು, ಗುಂಡವ್ವ. ಮಿಷನ್ನಿಗಿ ಹಾಕು, ಹೋಗ್ತದ."

"ಎಲಿ ಅಲ್ರಿ, ಮೀನದು."

"ಇಲ್ಲಿ ಮೀನು ಎಲ್ಲಿಂದ ಬರ್ತದ? ಈ ಊರಾಗ ಎಂದರ ನೀರಿತ್ತೇನು?"

ನೋಡಿದೆಯಾ? ಯಾವ ಮಾತು ಬೇಡವೆಂದು ಮೀನು ಪ್ರಾಣ ಬಿಟ್ಟಿತ್ತೋ ಅದೇ ಮಾತನ್ನು ಆ ಮನುಷ್ಯ ಆಡಿದ! ನನಗೆ ಮೈಯೆಲ್ಲ ಉರಿಯಿತು.

"ನಡುವಿನ ಗೆರಿ ನೋಡ್ರಿ. ಎಲಿ ನರ ಒಂದೇ ಎಳಿ ಇರ್ತದ. ಇದು ಗಂಟು ಗಂಟು ಅದ, ಬೆನ್ನೆಲುಬು ಇದು. ಹೊಳಿ ಮೀನು ಹಸನು ಮಾಡೋ ಕೈ ನಂದು, ನನಗ ಗೊತ್ತಾಗಂಗಿಲ್ಲೇನ್ರಿ?"

"ಹಂಗಾರ ಕಣ್ಣು ತೋರ್ಸು. ಎಲಿಗಿ ಕಣ್ಣಿರಂಗಿಲ್ಲಲ್ಲ? ನಾಳಿ ಮಧ್ಯಾಹ್ನ ಲಾರಿ ಬರ್ತದ. ಅಷ್ಟರಾಗ ಕಣ್ಣು ಕಾಣಲಿಲ್ಲಂದ್ರ ಕಲ್ಲು ಮಿಷನ್ನಿಗಿ."

ಪಕ್ಕದಲ್ಲಿ ಕಲ್ಲು ಸೀಳುತ್ತಿದ್ದ ಹುಸೇನಬಿ ನನ್ನ ಜೊತೆಗಾತಿ. "ಹಿತ್ತಾಳಿ ತಂಬಿಗಿ ತಿಕ್ಕಿದಂಗ ಹುಣಸಿಹಣ್ಣು ಹಚ್ಚಿ ತಿಕ್ಕು, ಅಕ್ಕ. ಫಳಫಳ ಆಗ್ತದ" ಎಂದಳು. ನನಗೂ ಸರಿಯೆನಿಸಿತು. ಬುತ್ತಿಯ ಗಂಟಿನಲ್ಲಿದ್ದ ಹುಣಸೆಹಣ್ಣನ್ನು ಬಾಲಕ್ಕೆ ಹಚ್ಚಿ ತಿಕ್ಕಿಯೇ ತಿಕ್ಕಿದೆ. ಅಯ್ಯೋ! ಸಣ್ಣ ಸಣ್ಣ ಗುಳ್ಳೆ ಎದ್ದವು. ಹಿತ್ತಾಳೆಯನ್ನು ಬೆಳಗುವ ಹುಳಿ ನಮ್ಮ ಕಲ್ಲನ್ನು ತಿನ್ನುತ್ತದೆ ಎಂದು ಕಲ್ಲಿನೊಡನೆಯೇ ಬಾಳಿದ ನನಗೆ ಹೊಳೆಯಲಿಲ್ಲ. ಓಡಿಹೋಗಿ ನೀರು ಸುರಿಯುವಷ್ಟರಲ್ಲಿ ಬಾಲದ ಒಂದು ತುದಿ ಅಳಿಸಿಹೋಗಿತ್ತು. ಅತ್ತುಬಿಟ್ಟೆ, ಕೂಸೇ. ಹುಸೇನಬಿಯೂ ಅತ್ತಳು.

ಆಮೇಲೆ ತಿಕ್ಕುವ ಮಾತೇ ಇಲ್ಲ. ಚೀಲ ಹೊಲಿಯುವ ದಬ್ಬಣ ತಂದೆ. ಹುಸೇನಬಿ ಮನೆಯಿಂದ ಬಣ್ಣ ಹಚ್ಚುವ ಮೆತ್ತನೆಯ ಕುಂಚ ತಂದಳು. ಬಿಸಿಲು ಓರೆಯಾಗಿ ಬೀಳುವ ಹಾಗೆ ಕಲ್ಲನ್ನು ತಿರುಗಿಸಿ ಇಟ್ಟುಕೊಂಡೆ. ಆಗ ಮೂಳೆ ಮಿನುಗುತ್ತದೆ, ಮಣ್ಣು ಮಂಕಾಗಿಯೇ ಇರುತ್ತದೆ. ಮಂಕಾದುದನ್ನು ಮಾತ್ರ ದಬ್ಬಣದ ಮೊನೆಯಿಂದ ಕೆದಕಬೇಕು. ಮೊನೆ ಮೂಳೆಯ ಕಡೆಗೆ ತಿರುಗಲೇಬಾರದು. ಒಂದು ಕಣ ಎಬ್ಬಿಸುವುದು, ಕುಂಚದಿಂದ ಸರಿಸುವುದು, ಊದುವುದು. ಮತ್ತೆ ಒಂದು ಕಣ.

ನನ್ನ ಬಾಯಿಂದ ಹೊರಟ ಗಾಳಿ ಗೊಣಗಿತು. "ಇದರ ಪುಡಿಯನ್ನು ದಿಕ್ಕಿಗೊಂದು ಚೆಲ್ಲುತ್ತೇನೆ ಎಂದಿದ್ದೆ ನಾನು. ನೀನು ನೋಡಿದರೆ ಇದರ ಮೈ ಒರೆಸುವ ಕೆಲಸಕ್ಕೆ ಹಚ್ಚಿದೆಯಲ್ಲ!"

"ಬಾಯಿ ಮುಚ್ಚಿಕೊಂಡು ಧೂಳು ತೆಗೆ" ಎಂದೆ.

ಅಂದು ಕತ್ತು ಕಂಡಿತು. ಮರುದಿನ ಬಿಸಿಲೇರುವ ಹೊತ್ತಿಗೆ ಕೆನ್ನೆಯ ಎಲುಬು ಕಂಡಿತು. ಅದರ ಮುಂದೆ ಮೆಣಸಿನ ಕಾಳಿನಷ್ಟು ದುಂಡನೆಯ ಕಣ್ಣು! ಅಲ್ಲಿಗೇ ನಿಲ್ಲಿಸಬಹುದಿತ್ತು. ಕೈ ಕೇಳಲಿಲ್ಲ. ಇನ್ನೊಂದಿಷ್ಟು ಮಣ್ಣು ಬಿಡಿಸಿದೆ. ಬಾಯಿ ಕಂಡಿತು, ದುಂಡಗೆ ತೆರೆದ ಬಾಯಿ.

ಲಾರಿ ಬಂತು. ಮೇಸ್ತ್ರಿಯೂ ಬಂದ. ಬಗ್ಗಿ ಕಣ್ಣನ್ನು ಬೆರಳಿನಿಂದ ಮುಟ್ಟಿ ನೋಡಿದ.

"ಮೀನು ಖರೆ" ಎಂದ. "ಆದ್ರ ಲಾರಿಗಿ ಒಂದು ಕಲ್ಲು ಕಮ್ಮಿ ಬಿದ್ರ ಮಾಲಕರಿಗಿ ಏನ್ ಹೇಳ್ಲಿ? ಹಾಕು ಮಿಷನ್ನಿಗಿ."

ಕಣ್ಣು ತೋರಿಸಿದ ಮೇಲೂ ಈ ಮಾತು! ನಾನು ಕಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಕುಳಿತುಬಿಟ್ಟೆ.

"ಒಲ್ಲೆ" ಎಂದೆ.

"ಕೆಲಸ ಹೋಗ್ತದ ನೋಡು."

"ಹೋಗ್ಲಿ. ಒಲ್ಲೆ."

ಮನೆಯಲ್ಲಿ ನಿನ್ನ ಅವ್ವ ಆಗ ತೊಟ್ಟಿಲಲ್ಲಿದ್ದಳು, ಆ ಕೆಲಸವೇ ನಮ್ಮ ಅನ್ನ. ಅಷ್ಟರಲ್ಲಿ ಹುಸೇನಬಿ ಉಳಿ ಕೆಳಗಿಟ್ಟು ನನ್ನ ಪಕ್ಕ ಬಂದು ಕುಳಿತಳು. "ಒಲ್ಲೆರಿ, ನಾನೂ ಒಲ್ಲೆ" ಎಂದಳು.

ಮೇಸ್ತ್ರಿ ನನ್ನ ಬಾಯಿ ನೋಡಿದ, ಅವಳ ಬಾಯಿ ನೋಡಿದ, ಕಲ್ಲಿನೊಳಗಿನ ಬಾಯಿ ನೋಡಿದ. "ಮೂರೂ ಒಂದೇ ನಮೂನಿ ಅವಲ್ಲ!" ಎಂದು ತಲೆ ಕೆರೆದುಕೊಂಡ. ಆಮೇಲೆ ಲಾರಿಯವನಿಗೆ ಹೊರಡು ಎಂದು ಕೈ ಮಾಡಿದ. ಕಲ್ಲು ನನ್ನ ತೊಡೆಯ ಮೇಲೇ ಉಳಿಯಿತು. ಕೆಲಸವೂ ಉಳಿಯಿತು.

ಪಡಸಾಲೆಯ ಗೋಡೆಗೆ ಒರಗಿಸಿದ್ದೇನಲ್ಲ, ಅದೇ ಆ ಕಲ್ಲು. ಬಾಲ ಬೇಕಾದರೆ ಮುಟ್ಟಿ ನೋಡು, ನಾನು ಮಾಡಿದ ತಪ್ಪು ಕೈಗೆ ಸಿಗುತ್ತದೆ. ಬಾಯಿಗೆ ಮಾತ್ರ ಬೆರಳು ಇಡಬೇಡ, ಅದು ಇನ್ನೂ ಮಾತಾಡುತ್ತಿದೆ. ಕಲ್ಲಿನ ಮೀನು ಇವತ್ತಿಗೂ ಹೀಗೆ ಬಾಯಿ ತೆರೆದುಕೊಂಡೇ ಇರುವುದು ಅದಕ್ಕೇ, ಕೂಸೇ: 'ಒ' ಎನ್ನುವಷ್ಟನ್ನು ಅದು ಅಂದು ಮುಗಿಸಿತು, 'ಲ್ಲೆ' ಎನ್ನುವುದನ್ನು ನಮಗೆ ಬಿಟ್ಟಿತು.