ಜಟ್ಟಿಯ ಸಾವಿಗೆ ಒಂದೇ ಕಾರಣ

"ಮೂವರೂ ಒಪ್ಪುವ ಒಂದೇ ಕಾರಣ ಬೇಕು. ಮಧ್ಯಾಹ್ನದ ನಗಾರಿ ಬಾರಿಸುವುದರೊಳಗೆ!" ಎಂದು ಕಣಜಗಿರಿಯ ಪಾಳೆಯಗಾರ ಸರ್ಜಪ್ಪ ನಾಯಕ ಗುಡುಗಿದ.

ಆಗದ ಮಾತು. ಅರಮನೆಯ ಮೂವರು ವೈದ್ಯ ಪಂಡಿತರು ಸೂರ್ಯ ಯಾವ ಕಡೆ ಹುಟ್ಟುತ್ತಾನೆ ಎಂದು ಕೇಳಿದರೂ ಒಂದೇ ಉತ್ತರ ಕೊಟ್ಟವರಲ್ಲ. ಆದರೆ ಸತ್ತವನು ನಾಯಕನಿಗೆ ಕುಸ್ತಿ ಕಲಿಸಿದ ಗುರು, ಕಾಳಿಂಗಯ್ಯ ಜಟ್ಟಿ. ಹೋದ ವಾರ ಕೆರೆಯಲ್ಲಿ ಮಿಂದು ನೆಗಡಿ ಹಿಡಿಸಿಕೊಂಡ, ಆರನೆಯ ದಿನ ತೀರಿಹೋದ. ನಾಲ್ಕು ಆಳುಗಳನ್ನು ಒಟ್ಟಿಗೆ ಎತ್ತಿ ಒಗೆಯುತ್ತಿದ್ದ ಮನುಷ್ಯ ನೆಗಡಿಗೆ ಸಾಯುವುದೆಂದರೇನು?

ನಿನ್ನೆ ಗುರುವನ್ನು ಮಣ್ಣು ಮಾಡಿ, ಅದೇ ಕೆರೆಯಲ್ಲಿ ಮುಳುಗಿ ಎದ್ದು ಬಂದ ನಾಯಕ ಬೆಳಗಿನಿಂದ ಮೂಗು ಒರೆಸಿಕೊಳ್ಳುತ್ತಲೇ ಇದ್ದ. ಎಲ್ಲರೂ ಅದನ್ನು ದುಃಖ ಎಂದುಕೊಂಡಿದ್ದರು. ಕರಣಿಕ ಓಲೆಯ ಮೇಲೆ 'ಮರಣಕ್ಕೆ ಕಾರಣ' ಎಂದಷ್ಟು ಬರೆದು, ಮುಂದಿನ ಜಾಗ ಖಾಲಿ ಬಿಟ್ಟು ಕಾಯುತ್ತಿದ್ದ.

ಪಂಡಿತರ ಸಭೆ ಶುರುವಾಯಿತು. ಅಂಥ ವಿನಯವನ್ನು ಆ ಆಸ್ಥಾನ ಕಂಡೇ ಇರಲಿಲ್ಲ.

ಹಿರಿಯರಾದ ವಾಮನ ಪಂಡಿತರು ಗಂಟಲು ಸರಿಮಾಡಿಕೊಂಡರು. "ನಾನು ಐದು ದಿನದ ಉಪವಾಸ ಹೇಳಿದ್ದೆ. ತೊಟ್ಟು ನೀರು ಬಿಟ್ಟು ಬೇರೇನೂ ಕೂಡದು ಅಂದಿದ್ದೆ."

"ಎಂಥ ಉಪವಾಸ!" ನಡುವಿನ ನಂಜಯ್ಯ ಪಂಡಿತರು ಕೈಮುಗಿದರು. "ಹಿರಿಯರು ಹೊಟ್ಟೆಯನ್ನು ಅಷ್ಟು ಚೆನ್ನಾಗಿ ಖಾಲಿ ಮಾಡಿದ್ದಕ್ಕೇ ನನ್ನ ಭೇದಿ ಮದ್ದು ಸರಾಗವಾಗಿ ಓಡಿತು. ದಿನಕ್ಕೆ ಹದಿನೆಂಟು ಸಲ."

"ಆ ಭೇದಿಯ ಅಂದವೇ ಅಂದ," ಎಂದರು ಕಿರಿಯ ಚಿಕ್ಕಣ್ಣ ಪಂಡಿತರು. "ರೋಗಿ ಮಿಸುಕದೆ ಮಲಗಿದ್ದರಿಂದಲೇ ನನಗೆ ನಲವತ್ತು ಜಿಗಣೆ ಹಚ್ಚುವುದು ಸಲೀಸಾಯಿತು."

"ಹಾಗಾದರೆ ಸತ್ತದ್ದು ಯಾಕೆ?" ನಾಯಕ ಕೇಳಿದ.

ಮೂವರೂ ಪರಸ್ಪರ ಮುಖ ನೋಡಿಕೊಂಡರು. ಆಮೇಲೆ ಮೂವರೂ ಒಟ್ಟಿಗೆ ಕಂಬದ ಮರೆಯಲ್ಲಿ ನಿಂತಿದ್ದ ಅಡುಗೆಯ ಪುಟ್ಟೀರಮ್ಮನ ಕಡೆ ತಿರುಗಿದರು.

"ಗಂಜಿ, ಪ್ರಭು," ಎಂದರು ವಾಮನ ಪಂಡಿತರು. "ಆರನೆಯ ದಿನ ಈಕೆ ಒಂದು ಬಟ್ಟಲು ಗಂಜಿ ಕುಡಿಸಿದಳು. ಅದು ವಿಷವಾಯಿತು."

"ಗಂಜಿಯೇ," ಎಂದರು ನಂಜಯ್ಯ. "ನಿಸ್ಸಂಶಯವಾಗಿ ಗಂಜಿ," ಎಂದರು ಚಿಕ್ಕಣ್ಣ.

ಪುಟ್ಟೀರಮ್ಮ ಗೊಳೋ ಎಂದು ಅತ್ತಳು. "ಬುದ್ಧೀ, ಅವರೇ ಕೇಳಿದರು. 'ಪುಟ್ಟೀರಿ, ಹೊಟ್ಟೆ ಬೆನ್ನಿಗೆ ಹತ್ತೈತೆ, ಒಂದು ತೊಟ್ಟು ಕೊಡೇ ತಾಯಿ' ಅಂದರು. ಇಲ್ಲ ಅನ್ನೋಕೆ ನನ್ನ ಕೈಲಿ ಆಗಲಿಲ್ಲ. ಅರ್ಧ ಬಟ್ಟಲು ಕುಡಿದು ನಕ್ಕರು, ಬುದ್ಧೀ. ಆಮೇಲೆ ಹೋದರು."

ದುಃಖದಲ್ಲಿದ್ದವನಿಗೆ ತಾಳ್ಮೆ ಎಲ್ಲಿಯದು? "ಕುಡಿಸಿದ ಕೈಯನ್ನು ಸಂಜೆಯೊಳಗೆ ಕತ್ತರಿಸಿ!" ಎಂದುಬಿಟ್ಟ ನಾಯಕ.

ಅಷ್ಟರಲ್ಲಿ ಬೊಪ್ಪಣ್ಣ ಎದ್ದು ನಿಂತ. ಆಸ್ಥಾನದಲ್ಲಿ ಅವನಿಗೆ ಇಂಥದೇ ಕೆಲಸ ಎಂದಿರಲಿಲ್ಲ, ಮಾತಾಡುವುದೇ ಕೆಲಸ. ಇವತ್ತು ಮಾತ್ರ ಬೆಳಗಿನಿಂದ ತುಟಿ ಬಿಚ್ಚದೆ ನಾಯಕನ ಮೂಗನ್ನೇ ನೋಡುತ್ತಾ ಕೂತಿದ್ದ.

"ಪಂಡಿತರೇ, ದಡ್ಡನ ಒಂದು ಸಂದೇಹ. ನಿಮ್ಮ ಮೂರು ಚಿಕಿತ್ಸೆಗಳಲ್ಲೂ ಏನೂ ದೋಷವಿಲ್ಲ, ಅಲ್ಲವೇ?"

"ಎಳ್ಳಷ್ಟೂ ಇಲ್ಲ!"

"ನೆಗಡಿಯಾದ ಯಾರಿಗೆ ಬೇಕಾದರೂ ಕೊಡಬಹುದೇ?"

"ನಾಳೆ ಯಾಕೆ, ಇವತ್ತೇ ಕೊಡುತ್ತೇವೆ!" ವಾಮನ ಪಂಡಿತರು ಎದೆ ತಟ್ಟಿಕೊಂಡರು. "ಮಗುವಿಗೂ ಕೊಡಬಹುದು, ಮುದುಕರಿಗೂ ಕೊಡಬಹುದು."

"ಕರಣಿಕರೇ, ಬರೆದುಕೊಳ್ಳಿ," ಎಂದ ಬೊಪ್ಪಣ್ಣ. ಆಮೇಲೆ ನಾಯಕನ ಕಡೆ ತಿರುಗಿದ. "ಪ್ರಭು, ತಡೆದಿಟ್ಟುಕೊಳ್ಳಬೇಡಿ. ಸೀನಿಬಿಡಿ."

ನಾಯಕ ಪಾಪ ಬೆಳಗಿನಿಂದ ಸಭೆಯ ಮರ್ಯಾದೆಗೆಂದು ತಡೆದಿದ್ದ. ಬಿಟ್ಟ ನೋಡಿ! ಕರಣಿಕನ ಓಲೆ ಹಾರಿ ಬಾಗಿಲ ಬಳಿ ಬಿತ್ತು.

"ಅದೇ ಕೆರೆ, ಅದೇ ನೆಗಡಿ," ಎಂದ ಬೊಪ್ಪಣ್ಣ. "ಇನ್ನೇಕೆ ತಡ? ವಾಮನ ಪಂಡಿತರ ಉಪವಾಸ ಈಗಿನಿಂದಲೇ ಶುರುವಾಗಲಿ. ಭೇದಿ ಮದ್ದು ಅರೆಯಿರಿ. ಜಿಗಣೆ ತರಿಸಿ."

ಮೂವರ ಮುಖವೂ ಬಿಳಿಚಿತು.

"ಪ್ರಭುಗಳ ದೇಹ... ಸೂಕ್ಷ್ಮ," ಎಂದರು ವಾಮನ ಪಂಡಿತರು. "ಮೊದಲು ನಂಜಯ್ಯನವರು ನೋಡಲಿ."

"ಹಿರಿಯರಿರುವಾಗ ನಾನೇ? ಛೇ ಛೇ. ಚಿಕ್ಕಣ್ಣನವರ ಕೈಗುಣ ದೊಡ್ಡದು."

"ಅಯ್ಯೋ, ನಾನಿನ್ನೂ ಕಲಿಯುವವನು. ಜಿಗಣೆಗಳಿಗೂ ಯಾಕೋ ಮೈ ಸರಿಯಿಲ್ಲ."

ನಾಯಕ ಇನ್ನೊಮ್ಮೆ ಸೀನಿದ. "ಬಾಯಿಗೆ ಬಂದದ್ದೆಲ್ಲ ಬೇಡ! ನನ್ನ ಪ್ರಾಣಕ್ಕೆ ನಿಮ್ಮ ಪ್ರಾಣವೇ ಹೊಣೆ. ಈಗ ನಾನು ಏನು ತೆಗೆದುಕೊಳ್ಳಲಿ? ಹೇಳಿ!"

"ಬಿಸಿ ಗಂಜಿ, ಪ್ರಭು!" ಎಂದರು ಮೂವರೂ ಒಂದೇ ಉಸಿರಿಗೆ.

ಬೊಪ್ಪಣ್ಣ ಮೆಲ್ಲಗೆ ಹೋಗಿ ಬಾಗಿಲ ಬಳಿ ಬಿದ್ದ ಓಲೆಯನ್ನು ಎತ್ತಿ ತಂದು ಕರಣಿಕನ ಮುಂದಿಟ್ಟ.

"ಪುಟ್ಟೀರಮ್ಮ, ನಾಯಕರಿಗೆ ಗಂಜಿ ಕಾಯಿಸವ್ವ," ಎಂದ. "ಪಂಡಿತರ ಅಪ್ಪಣೆಯಾಗಿದೆ. ಕೈ ಎರಡೂ ಇರಲಿ, ಮಡಕೆ ಇಳಿಸಬೇಕಲ್ಲ."

ಕರಣಿಕ ತಲೆ ಕೆರೆದುಕೊಂಡ. "ಮರಣಕ್ಕೆ ಕಾರಣ ಅಂತ ಬರೆದದ್ದು ಹಾಗೇ ನಿಂತಿದೆಯಲ್ಲ ಸ್ವಾಮಿ. ಮುಂದೆ ಏನು ಹಾಕಲಿ?"

"ಪರಸ್ಪರ ಗೌರವ ಅಂತ ಹಾಕಿ," ಎಂದ ಬೊಪ್ಪಣ್ಣ. "ಉಪವಾಸ ಸಾಕು ಅಂದರೆ ಹಿರಿಯರಿಗೆ ಬೇಜಾರು, ಭೇದಿ ಸಾಕು ಅಂದರೆ ನಡುವಿನವರಿಗೆ ಬೇಜಾರು. ಒಬ್ಬರ ಮನಸ್ಸನ್ನು ಒಬ್ಬರು ನೋಯಿಸಲಿಲ್ಲ. ಜಟ್ಟಿಯನ್ನು ಮಾತ್ರ ಕಳಿಸಿಕೊಟ್ಟರು."

ನಾಯಕ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುನಗುತ್ತಲೇ ಗುರುವಿನ ನೆನಪಾಗಿ ಕಣ್ಣೊರೆಸಿಕೊಂಡ. ಕೊನೆಗೆ ಕೆಳಗಿಳಿದು ಬಂದು, ಕತ್ತರಿಸಲು ಹೇಳಿದ್ದ ಕೈಗೆ ತನ್ನ ಚಿನ್ನದ ಕಡಗ ತೊಡಿಸಿದ. ಪಂಡಿತರು ಐದು ದಿನ ತೊಟ್ಟು ನೀರಿನ ಮೇಲೆ ಇರಬೇಕೆಂದು ಅಪ್ಪಣೆಯಾಯಿತು. ಮಗುವಿಗೂ ಕೊಡಬಹುದಾದ ಚಿಕಿತ್ಸೆ ತಾನೇ?

"ಬೊಪ್ಪಣ್ಣ, ನಿನಗೇನು ಬೇಕೋ ಕೇಳು."

"ಹೆಚ್ಚೇನಿಲ್ಲ ಪ್ರಭು. ನಾನು ಯಾವತ್ತಾದರೂ ಸೀನಿದರೆ, ಈ ಮೂವರಿಗೂ ಒಟ್ಟಿಗೆ ಹೇಳಿಕಳಿಸಬೇಡಿ."